ಹರ್ಮನ್ ಮೊಗ್ಲಿಂಗ್: ಮಂಗಳೂರಿನಿಂದ ಆನಂದಪುರಕ್ಕೆ

ಕನ್ನಡ ಪತ್ರಿಕೋದ್ಯಮದ ಇತಿಹಾಸವು ಹರ್ಮನ್ ಮೊಗ್ಲಿಂಗ್ ಅವರ ಹೆಸರಿನಿಂದ ಆರಂಭವಾಗುತ್ತದೆ. 1843ರ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಿಂದ ಹೊರಬಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆಂದು ಪರಿಗಣಿತವಾಗಿದ್ದು, ಆ ದಿನವು ಕರ್ನಾಟಕದಲ್ಲಿ ಪತ್ರಿಕಾ ದಿನವೆನಿಸಿದೆ. ಹಳೆಯ ಕಾವ್ಯಗಳನ್ನು ಅಚ್ಚಿಗೆ ತಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯ ಸಂಪಾದಕರೆಂದು ಸಾಹಿತ್ಯ ಚರಿತ್ರಕಾರರು ಅವರನ್ನು ಸ್ಮರಿಸುತ್ತಾರೆ. ಆದರೆ ಮೊಗ್ಲಿಂಗರು ಭಾರತಕ್ಕೆ ಬಂದದ್ದು ಪತ್ರಿಕೆ ನಡೆಸುವುದಕ್ಕಲ್ಲ, ಗ್ರಂಥಸಂಪಾದನೆಗೂ ಅಲ್ಲ. ಅವರು ಬಂದದ್ದು ಒಂದು ಸಭೆಯನ್ನು ಕಟ್ಟುವುದಕ್ಕೆ. ಊರಿನ ಕ್ರೈಸ್ತರೆಲ್ಲ ಸೇರಿ ಆರಾಧಿಸುವ, ಒಬ್ಬರ ಹೊಣೆಯನ್ನು ಇನ್ನೊಬ್ಬರು ಹೊರುವ ಸಮೂಹಕ್ಕೆ ಬಾಸೆಲ್ ಮಿಶನ್ನಿನ ಕನ್ನಡದಲ್ಲಿ ಸಭೆಯೆಂಬ ಹೆಸರು ರೂಢಿಯಾಯಿತು. ಅಂಥ ಸಭೆಯು ತಾನಿರುವ ಊರಿಗೆ ಏನಾಗಬಲ್ಲದು ಎಂಬ ಪ್ರಶ್ನೆಯು ಅವರ ಬದುಕಿನುದ್ದಕ್ಕೂ ಬಗೆಬಗೆಯಾಗಿ ಎದುರಾಯಿತು. ಸಾಹಿತ್ಯ ಚರಿತ್ರೆಗಳು ಈ ಭಾಗವನ್ನು ಎರಡು ವಾಕ್ಯಗಳಲ್ಲಿ ಮುಗಿಸುವುದೇ ಹೆಚ್ಚು.

ಮೊಗ್ಲಿಂಗರು 1811ರ ಮೇ 29ರಂದು ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ಬ್ರಾಕನ್‌ಹೈಮಿನಲ್ಲಿ ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮುಂದೆ ಮಲಯಾಳ ಭಾಷೆಗೆ ಅಷ್ಟೇ ದೊಡ್ಡ ಸೇವೆ ಸಲ್ಲಿಸಿದ ಹರ್ಮನ್ ಗುಂಡರ್ಟರು ಅವರ ಆಪ್ತಮಿತ್ರರು. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಗೊಂಡ ಬಾಸೆಲ್ ಮಿಶನ್ ಸಂಸ್ಥೆಯು 1834ರಲ್ಲಿ ತನ್ನ ಮೊದಲ ಮೂವರನ್ನು ಪಶ್ಚಿಮ ಕರಾವಳಿಗೆ ಕಳುಹಿಸಿತ್ತು. ಎರಡು ವರ್ಷಗಳ ಬಳಿಕ, 1836ರ ಕೊನೆಯಲ್ಲಿ, ಮೊಗ್ಲಿಂಗರು ಮಂಗಳೂರಿಗೆ ಬಂದರು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿತ್ತು. ಧಾರವಾಡವು ಮುಂಬಯಿಗೆ ಸೇರಿತ್ತು. ಕೊಡಗು ಕಂಪೆನಿಯ ವಶಕ್ಕೆ ಹೋಗಿ ಎರಡೇ ವರ್ಷಗಳಾಗಿದ್ದವು. ಮೊಗ್ಲಿಂಗರು ಮುಂದೆ ಈ ಮೂರೂ ಕಡೆಗಳಲ್ಲಿ ನೆಲೆಸಿ ದುಡಿದರು.

ಧಾರವಾಡ ಹುಬ್ಬಳ್ಳಿಗಳ ಕಡೆಯಲ್ಲಿ ಕಳೆದ ಆರಂಭದ ವರ್ಷಗಳು ಅವರಿಗೆ ಕನ್ನಡವನ್ನು ಕಲಿಸಿದವು. ಒಂದು ಪಾಠವನ್ನೂ ಕಲಿಸಿದವು. ಆ ಸೀಮೆಯಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿ ಹೊಸಯುಗದ ನಿರೀಕ್ಷೆಯಲ್ಲಿದ್ದ ಭಕ್ತರ ಗುಂಪೊಂದು ಮಿಶನರಿಗಳ ಮಾತಿಗೆ ಕಿವಿಗೊಟ್ಟಿತು. ಇವರೆಲ್ಲ ಒಟ್ಟಾಗಿ ಕ್ರೈಸ್ತರಾಗುವರೆಂಬ ಭರವಸೆಯಿಂದ ಗದಗಿನ ಸಮೀಪದ ಮಲ್ಲಸಮುದ್ರದಲ್ಲಿ 1840ರ ದಶಕದ ಆರಂಭದಲ್ಲಿ ಒಂದು ಕೃಷಿವಸತಿಯನ್ನೇ ಏರ್ಪಡಿಸಲಾಯಿತು. ಬರಬೇಕಾದವರು ಬರಲಿಲ್ಲ; ವಸತಿಯು ವಿಫಲವಾಯಿತು. ಜನ ತಾವಾಗಿ ಕೇಳದ ನೆಲೆಯನ್ನು ಹೊರಗಿನವರು ಮುಂದಾಗಿ ಕಟ್ಟಿಟ್ಟರೆ ಅದು ಬರಿದಾಗಿಯೇ ಉಳಿಯುತ್ತದೆಂಬುದನ್ನು ಮಲ್ಲಸಮುದ್ರವು ತೋರಿಸಿತು.

ಮಂಗಳೂರಿಗೆ ಮರಳಿದ ಮೊಗ್ಲಿಂಗರು ಸ್ಥಳೀಯ ಉಪದೇಶಕರನ್ನು ತಯಾರಿಸುವ ಶಾಲೆಯ ಹೊಣೆ ಹೊತ್ತರು. ಸಭೆಯು ಈ ನೆಲದ್ದಾಗಬೇಕಾದರೆ ಅದರ ಬೋಧಕರು ಈ ನೆಲದವರಾಗಿರಬೇಕು, ಅದರ ಭಾಷೆ ಜನರ ಭಾಷೆಯಾಗಿರಬೇಕು ಎಂಬುದು ಅವರ ನಿಲುವಾಗಿತ್ತು. ಅವರ ಸಾಹಿತ್ಯಕಾರ್ಯವೆಲ್ಲ ಬೆಳೆದದ್ದು ಈ ಬೇರಿನಿಂದ. ಪಾಕ್ಷಿಕವಾಗಿದ್ದ ‘ಮಂಗಳೂರ ಸಮಾಚಾರ’ವು ಊರ ವರ್ತಮಾನ, ಸರಕಾರದ ಆಜ್ಞೆಗಳು, ಪರದೇಶದ ಸುದ್ದಿ, ಕಥೆ, ದಾಸರ ಪದಗಳನ್ನು ಒಂದು ದುಡ್ಡಿನ ಬೆಲೆಗೆ ಓದುಗರ ಕೈಗಿಟ್ಟಿತು. ಮಿಶನರಿಯ ಪತ್ರಿಕೆಯಲ್ಲಿ ಪುರಂದರದಾಸರಿಗೆ ಸ್ಥಳ ದೊರೆತದ್ದು ಈಗಲೂ ಗಮನಿಸಬೇಕಾದ ಸಂಗತಿ. ಪತ್ರಿಕೆ 1844ರಲ್ಲಿ ಬಳ್ಳಾರಿಗೆ ಹೋಗಿ, ಅಚ್ಚುಮೊಳೆಗಳಲ್ಲಿ ಮುದ್ರಿತವಾಗಿ, ‘ಕನ್ನಡ ಸಮಾಚಾರ’ವೆಂಬ ಹೆಸರು ಪಡೆದು, ಬಹುಬೇಗ ನಿಂತುಹೋಯಿತು.

ಅದೇ 1844ರಲ್ಲಿ ಮಂಗಳೂರನ್ನು ಕದಡಿದ ಘಟನೆಯೊಂದು ನಡೆಯಿತು. ಮಿಶನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಮೂವರು ಸಾರಸ್ವತ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬರಾದ ಆನಂದರಾವ್ ಕೌಂಡಿನ್ಯರು ತಮ್ಮ ಗುರುವಿನ ಹೆಸರನ್ನೇ ಸ್ವೀಕರಿಸಿ ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಊರಿನಲ್ಲಿ ಕೋಲಾಹಲವೆದ್ದಿತು. ಬಂಧುಗಳ ದುಃಖ ನಿಜವಾದದ್ದು. ಶಾಲೆಯ ಮೇಲೆ ಊರವರಿಗಿದ್ದ ವಿಶ್ವಾಸವು ಮುರಿದದ್ದೂ ನಿಜ. ವಿದ್ಯೆಗೆಂದು ಕಳುಹಿಸಿದ ಮಕ್ಕಳು ಮನೆಯನ್ನೇ ತೊರೆದರೆ ಹೆತ್ತವರು ಆ ಶಾಲೆಯನ್ನು ಸೇವೆಯೆಂದು ಕಾಣುವುದು ಸಾಧ್ಯವಿರಲಿಲ್ಲ. ಮೊಗ್ಲಿಂಗರ ಜೀವನವನ್ನು ಬರೆಯುವವರು ಈ ಘಟ್ಟವನ್ನು ವಿಜಯವೆಂದೋ ಅಪಚಾರವೆಂದೋ ಹೇಳಿ ಮುಂದೆ ಹೋಗುವುದುಂಟು. ಅದು ಒಂದು ಕುಟುಂಬಕ್ಕೆ ಶೋಕವೂ ಇನ್ನೊಂದು ಸಮೂಹಕ್ಕೆ ನಾಯಕನ ಲಾಭವೂ ಆಗಿತ್ತು ಎಂಬುದೇ ವಸ್ತುಸ್ಥಿತಿ. ಕೌಂಡಿನ್ಯರು ಬಾಸೆಲಿಗೆ ಹೋಗಿ ವ್ಯಾಸಂಗ ಮಾಡಿ 1851ರಲ್ಲಿ ಬೋಧಕದೀಕ್ಷೆ ಪಡೆದು ಮರಳಿದರು.

ಕರಾವಳಿಯ ಸಭೆಗೆ ಬಂದವರಲ್ಲಿ ಹೆಚ್ಚಿನವರು ಬ್ರಾಹ್ಮಣರಾಗಿರಲಿಲ್ಲ, ಬಿಲ್ಲವರಾಗಿದ್ದರು. ಅವರ ಸಂಕಟ ಬೇರೆ ಬಗೆಯದು. ಮೂರ್ತೆಗಾರಿಕೆಯು, ಎಂದರೆ ಕಳ್ಳು ಇಳಿಸುವ ಕಸುಬು, ಸಭೆಯ ಶಿಸ್ತಿಗೆ ಒಗ್ಗುತ್ತಿರಲಿಲ್ಲ. ಒಡೆಯರ ಗೇಣಿಭೂಮಿಯು ಜಾತಿ ಬಿಟ್ಟವರ ಕೈತಪ್ಪುವ ಭಯವಿತ್ತು. ಕಸುಬನ್ನು ಬಿಡಿಸಿದ ಸಭೆಯು ಬೇರೆ ಕಸುಬನ್ನು ಕೊಡದಿದ್ದರೆ ಅದರ ಉಪದೇಶಕ್ಕೆ ಅರ್ಥವಿಲ್ಲ. ಮಿಶನ್ನಿನ ನೇಯ್ಗೆ ಮಗ್ಗಗಳೂ 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಯೂ ಈ ಒತ್ತಡದ ಫಲಗಳು. ಸಭೆಯೇ ಯಜಮಾನನಾದಾಗ ಕೆಲಸಗಾರನ ನಂಬಿಕೆಗೂ ಕೂಲಿಗೂ ನಡುವಣ ಗೆರೆ ಮಸುಕಾಗುತ್ತದೆಂಬ ಆಕ್ಷೇಪವು ಸುಳ್ಳಲ್ಲ. ಆದರೆ ಕಾರ್ಖಾನೆಗಳ ಕಾಲ ಬರುವ ವೇಳೆಗೆ ಮೊಗ್ಲಿಂಗರು ಭಾರತದಲ್ಲಿರಲಿಲ್ಲ. ಅವರು ಈ ಪ್ರಶ್ನೆಯನ್ನು ಎದುರಿಸಿದ್ದು ಘಟ್ಟದ ಮೇಲೆ.

1848ರಿಂದ 1853ರವರೆಗಿನ ವರ್ಷಗಳಲ್ಲಿ, ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರರ ಧನಸಹಾಯದಿಂದ ಹೊರಟ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ದಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಮೊದಲಾದವು ಪ್ರಕಟವಾದವು. ಈ ಮಾಲೆಯು ಮುಗಿಯುತ್ತಿದ್ದ ಹೊತ್ತಿಗೆ ಕೊಡಗಿನ ಅಲಮಂಡ ಮನೆತನದ ಸೋಮಯ್ಯನೆಂಬುವರು ಮಿಶನರಿಗಳನ್ನು ಹುಡುಕಿಕೊಂಡು ಮಂಗಳೂರಿಗೆ ಬಂದರು. 1853ರಲ್ಲಿ ದೀಕ್ಷಾಸ್ನಾನ ಪಡೆದು ಸ್ತೆಫಾನ ಸೋಮಯ್ಯನಾದ ಇವರನ್ನು ಬಂಧುವರ್ಗವು ಹೊರಗಿಟ್ಟಿತು. ಮೊಗ್ಲಿಂಗರು ಸೋಮಯ್ಯನ ಬೆನ್ನಿಗೆ ನಿಂತು ಕೊಡಗಿನಲ್ಲಿ ನೆಲೆಸಲು ನಿರ್ಧರಿಸಿದರು. ಬಾಸೆಲಿನ ಆಡಳಿತ ಮಂಡಳಿಯು ಇದಕ್ಕೆ ಒಲವು ತೋರಲಿಲ್ಲ. ಮೊದಲ ಕೆಲವು ವರ್ಷ ಕೊಡಗಿನ ಕಾರ್ಯವು ಸಂಸ್ಥೆಯ ಹೊಣೆಗೆ ಸೇರದೆ ಅವರ ಸ್ವಂತ ಸಾಹಸವಾಗಿಯೇ ನಡೆಯಿತು.

ಕೊಡವರ ನಡುವೆ ದೊಡ್ಡ ಸಭೆಯು ಬೆಳೆಯಬಹುದೆಂಬ ಅವರ ನಿರೀಕ್ಷೆ ಈಡೇರಲಿಲ್ಲ. ಅವರ ಬಳಿಗೆ ಬಂದವರು ಬೇರೆಯವರು. ಅಂದಿನ ದಾಖಲೆಗಳು ಹೊಲೆಯರೆಂದು ಹೆಸರಿಸುವ ಗದ್ದೆಗೆಲಸದ ಆಳುಗಳು ಕೊಡಗಿನಲ್ಲಿ ತಲೆತಲಾಂತರದಿಂದ ಜಮ್ಮಾ ಭೂಮಿಗಳಿಗೆ, ಒಡೆಯರ ಮನೆತನಗಳಿಗೆ ಕಟ್ಟುಬಿದ್ದವರು. ಕಂಪೆನಿ ಸರಕಾರವು 1843ರ ಐದನೆಯ ಕಾಯಿದೆಯ ಮೂಲಕ ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತು. ಆದರೆ ಕಾಯಿದೆ ಆಳಿಗೆ ಗುಡಿಸಲನ್ನು ಕೊಡಲಿಲ್ಲ. ಅವನ ಗುಡಿಸಲು ಒಡೆಯನ ನೆಲದಲ್ಲಿತ್ತು, ಅವನ ಅನ್ನವು ಒಡೆಯನ ಪತ್ತಾಯದಲ್ಲಿತ್ತು. ಒಡೆಯನನ್ನು ಬಿಟ್ಟು ಬಂದವನಿಗೆ ಅಂದಿನ ರಾತ್ರಿ ಮಲಗುವ ಜಾಗವಿರಲಿಲ್ಲ. ಇಂಥವರಿಗೆ ಬರಿಯ ಉಪದೇಶವನ್ನು ಕೊಟ್ಟು ಹಿಂದಿರುಗಿಸುವುದು ಕ್ರೌರ್ಯವೇ ಆಗುತ್ತಿತ್ತು.

ಪರಿಹಾರವು ಶಿಷ್ಯನ ಕಡೆಯಿಂದ ಬಂದಿತು. ಸಿದ್ದಾಪುರದ ಸಮೀಪದಲ್ಲಿ ಕೌಂಡಿನ್ಯರು ಭೂಮಿಯನ್ನು ಕೊಂಡರು. 1857ರಲ್ಲಿ ಅಲ್ಲಿ ಒಕ್ಕಲು ನೆಲೆಗೊಳ್ಳತೊಡಗಿತು. ಆನಂದರಾಯರ ಹೆಸರಿನಿಂದ ಅದು ಆನಂದಪುರವಾಯಿತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವನು ಕೊಂಡ ನೆಲದ ಮೇಲೆ ಕೊಡಗಿನ ಅಸ್ಪೃಶ್ಯ ಆಳುಗಳು ಮನೆ ಕಟ್ಟಿಕೊಂಡರು. ಎರಡೂ ಕಡೆಯವರು ಒಂದೇ ಸಭೆಯ ಸದಸ್ಯರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. 1844ರಲ್ಲಿ ಒಂದು ಮನೆಯನ್ನು ಒಡೆದ ಮತಾಂತರವು ಹದಿಮೂರು ವರ್ಷಗಳ ತರುವಾಯ ಬೇರೆ ಅನೇಕ ಮನೆಗಳಿಗೆ ನೆಲವನ್ನು ಒದಗಿಸಿತು. ಒಂದರಿಂದ ಇನ್ನೊಂದರ ಲೆಕ್ಕ ತೀರುವುದಿಲ್ಲ. ಆದರೆ ಎರಡನ್ನೂ ಒಟ್ಟಿಗೆ ನೋಡದೆ ಮೊಗ್ಲಿಂಗರನ್ನು ಅರಿಯಲಾಗದು. ಮಲ್ಲಸಮುದ್ರದಲ್ಲಿ ನೆಲ ಮೊದಲು ಸಿದ್ಧವಾಗಿ ಜನ ಬರದೆ ಹೋದರು; ಇಲ್ಲಿ ಜನ ಮೊದಲು ಬಂದರು. ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ತೋಟಗಾರಿಕೆಯು 1854ರಿಂದ ಹಬ್ಬತೊಡಗಿದ್ದರಿಂದ ಕೂಲಿಯ ಹೊಸ ದಾರಿಯೂ ಆಗತಾನೆ ತೆರೆದಿತ್ತು ಎಂಬುದನ್ನು ಮರೆಯಬಾರದು. ಆನಂದಪುರದಲ್ಲಿಯೂ ಕಾಫಿ ಬೆಳೆಯಿತು. ಆದರೆ ತೋಟದ ಸಾಲಿನಲ್ಲಿ ಕೂಲಿಯಾಗಿರುವುದು ಬೇರೆ, ಊರೊಂದರ ನಿವಾಸಿಯಾಗಿರುವುದು ಬೇರೆ.

ಮೊಗ್ಲಿಂಗರ ಲೇಖನಿ ಕೊಡಗಿನಲ್ಲಿಯೂ ಸುಮ್ಮನಿರಲಿಲ್ಲ. 1855ರಲ್ಲಿ ‘ಕೂರ್ಗ್ ಮೆಮೊಯಿರ್ಸ್’ ಎಂಬ ಇಂಗ್ಲಿಷ್ ಗ್ರಂಥವೂ, 1857ರಲ್ಲಿ ಕೊಡಗಿನ ಅರಸರ ಚರಿತ್ರೆಯಾದ ‘ರಾಜೇಂದ್ರನಾಮೆ’ಯ ಮುದ್ರಣವೂ ಹೊರಬಂದವು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರ ಕನ್ನಡ ಸೇವೆಗಾಗಿ ಗೌರವ ಡಾಕ್ಟರೇಟ್ ನೀಡಿತು. ಸಹೋದ್ಯೋಗಿ ವೈಗ್ಲೆಯವರು 1855ರಲ್ಲಿ ತೀರಿಕೊಂಡ ಮೇಲೆ ಅವರ ವಿಧವೆ ಪೌಲಿನರನ್ನು ಮೊಗ್ಲಿಂಗರು ವಿವಾಹವಾದರು. ಪತ್ನಿಯ ಅನಾರೋಗ್ಯದ ಕಾರಣದಿಂದ 1860ರಲ್ಲಿ ಜರ್ಮನಿಗೆ ಹೊರಟ ಅವರಿಗೆ ಭಾರತಕ್ಕೆ ಮರಳಲಾಗಲಿಲ್ಲ. ಆನಂದಪುರಕ್ಕೆ ಆಗ ಮೂರು ವರ್ಷ.

ದೂರದಲ್ಲಿದ್ದೂ ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು. ಕಿಟೆಲರ ನಿಘಂಟಿನ ಕಾರ್ಯಕ್ಕೆ ನೆರವು ದೊರಕಿಸಲು ಶ್ರಮಿಸಿದರು. 1894ರಲ್ಲಿ ಆ ಮಹಾಗ್ರಂಥ ಪ್ರಕಟವಾಗುವ ವೇಳೆಗೆ ಮೊಗ್ಲಿಂಗರು ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು. 1881ರ ಮೇ 10ರಂದು ಎಸ್‌ಲಿಂಗನ್ನಿನಲ್ಲಿ ಅವರು ನಿಧನ ಹೊಂದಿದರು. ಮರುವರ್ಷವೇ ಗುಂಡರ್ಟರು ಮಿತ್ರನ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಕೌಂಡಿನ್ಯರು ಸಭೆಯ ಸೇವೆಯಲ್ಲಿಯೇ ಇದ್ದು 1893ರಲ್ಲಿ ಕಾಲವಾದರು. ಸಿದ್ದಾಪುರದ ಬಳಿ ಆನಂದಪುರವೆಂಬ ಊರು ಈಗಲೂ ಇದೆ. ಅಲ್ಲಿಯ ಚರ್ಚು ಈಗ ದಕ್ಷಿಣ ಭಾರತ ಸಭೆಗೆ ಸೇರಿದೆ.