ಹೊಸ ಅಕ್ವೇರಿಯಂನಲ್ಲಿ ಸಿಗಡಿಗಳು ಸಾಯುವುದೇಕೆ? ಉತ್ತರ ಇರುವುದು ವಿನೊಗ್ರಾಡ್ಸ್ಕಿಯ ಬದುಕಿನಲ್ಲಿ

ಗಾಜಿನ ತೊಟ್ಟಿ ತನ್ನಿ, ಕಲ್ಲು ಹಾಸಿ, ನೀರು ತುಂಬಿ ಒಂದು ದಿನ ಹಾಗೇ ಬಿಡಿ, ಮರುದಿನವೇ ಮೀನು ಅಥವಾ ಸಿಗಡಿ ಹಾಕಬಹುದು. ಇಂಥದ್ದೊಂದು ಸಲಹೆ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನಾವೂ ಇದನ್ನು ನಂಬಿದ್ದೆವು. ಸಿಹಿನೀರಿನಲ್ಲಿ ಬದುಕುವ, ಬೆರಳ ತುದಿಯಷ್ಟೇ ದೊಡ್ಡದಾದ ಹತ್ತು ಕೆಂಪು ಚೆರ್ರಿ ಸಿಗಡಿಗಳನ್ನು ಹೊಸ ತೊಟ್ಟಿಗೆ ಬಿಟ್ಟೆವು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ವಾರ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಅಂಗಡಿಯವರನ್ನು ಬೈದೆವು, ನಲ್ಲಿ ನೀರನ್ನು ಬೈದೆವು. ಆದರೆ ತಪ್ಪು ನಮ್ಮದೇ ಆಗಿತ್ತು.

ಆ ಸಲಹೆಯಲ್ಲಿ ಅರ್ಧ ಸತ್ಯ ಇದೆ. ನಲ್ಲಿ ನೀರಿಗೆ ಬೆರೆಸಿರುವ ಕ್ಲೋರಿನ್, ನೀರನ್ನು ತೆರೆದಿಟ್ಟರೆ ಒಂದೆರಡು ದಿನಗಳಲ್ಲಿ ಬಹುಪಾಲು ಹಾರಿಹೋಗುತ್ತದೆ. ಆದರೆ ಸಿಗಡಿಗಳನ್ನು ಕೊಂದದ್ದು ಕ್ಲೋರಿನ್ ಅಲ್ಲ, ಅಮೋನಿಯಾ. ಸಿಗಡಿಯ ವಿಸರ್ಜನೆಯಿಂದ, ಉಳಿದ ಆಹಾರದಿಂದ, ಕೊಳೆತ ಎಲೆಯಿಂದ ಅಮೋನಿಯಾ ಹುಟ್ಟುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ತೊಟ್ಟಿಯಲ್ಲಿ ಇರುವಷ್ಟು ಪ್ರಮಾಣದಲ್ಲಿ ವಾಸನೆಯೂ ಗೊತ್ತಾಗುವುದಿಲ್ಲ. ಕೆರೆಯಲ್ಲಿ, ಹೊಳೆಯಲ್ಲಿ ಇದನ್ನು ತೆಗೆದುಹಾಕುವ ಕೆಲಸಗಾರರಿದ್ದಾರೆ. ಹೊಸ ತೊಟ್ಟಿಯಲ್ಲಿ ಅವರು ಇರುವುದಿಲ್ಲ. ಆ ಕಣ್ಣಿಗೆ ಕಾಣದ ಕೆಲಸಗಾರರನ್ನು ಮೊದಲು ಬೇರ್ಪಡಿಸಿ ಬೆಳೆಸಿದವರು ಸೆರ್ಗೈ ವಿನೊಗ್ರಾಡ್ಸ್ಕಿ. ಅವರ ಬದುಕು ಗೊತ್ತಾದರೆ, ಹೊಸ ತೊಟ್ಟಿಗೆ ಏಕೆ ವಾರಗಟ್ಟಲೆ ಕಾಯಬೇಕು ಎಂಬುದೂ ಗೊತ್ತಾಗುತ್ತದೆ.

ಪಿಯಾನೊ ಬಿಟ್ಟು ಸೂಕ್ಷ್ಮದರ್ಶಕ ಹಿಡಿದವರು

ವಿನೊಗ್ರಾಡ್ಸ್ಕಿ ಹುಟ್ಟಿದ್ದು 1856ರಲ್ಲಿ, ಕೀವ್ ನಗರದಲ್ಲಿ. ಇಂದು ಉಕ್ರೇನಿನ ರಾಜಧಾನಿಯಾಗಿರುವ ಆ ನಗರ ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ಆದರೆ ಏನು ಓದಬೇಕು ಎಂಬುದು ಅವರಿಗೆ ಬೇಗ ಸ್ಪಷ್ಟವಾಗಲಿಲ್ಲ. ಮೊದಲು ಕಾನೂನು ಕಲಿಯಲು ಸೇರಿದರು, ಬಿಟ್ಟರು. ವಿಜ್ಞಾನಕ್ಕೆ ಬಂದರು, ಅದನ್ನೂ ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗೀತ ಶಾಲೆಯಲ್ಲಿ ಪಿಯಾನೊ ಕಲಿತರು. ಕೊನೆಗೆ 1877ರಲ್ಲಿ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಮತ್ತೆ ವಿಜ್ಞಾನ ಹಿಡಿದರು. ಈ ಬಾರಿ ಬಿಡಲಿಲ್ಲ.

1885ರಲ್ಲಿ ಅವರು ಆಗ ಜರ್ಮನಿಯಲ್ಲಿದ್ದ ಸ್ಟ್ರಾಸ್‌ಬರ್ಗ್‌ಗೆ, ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ಅವರ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಗಂಧಕದ ಚಿಲುಮೆಗಳಲ್ಲಿ ಬೆಳೆಯುವ ಬೆಗಿಯಟೋವಾ ಎಂಬ ನೂಲಿನಂಥ ಬ್ಯಾಕ್ಟೀರಿಯಾವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ದಿನಗಟ್ಟಲೆ ನೋಡಿದರು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬೆರೆತ ನೀರು ಕೊಟ್ಟರೆ ಅದರ ಮೈಯೊಳಗೆ ಗಂಧಕದ ಹರಳುಗಳು ಕಾಣಿಸುತ್ತಿದ್ದವು. ಕೊಡುವುದನ್ನು ನಿಲ್ಲಿಸಿದರೆ ಹರಳುಗಳು ಕರಗಿಹೋಗುತ್ತಿದ್ದವು. ಅಂದರೆ ಈ ಜೀವಿ ಗಂಧಕವನ್ನು ಉರುವಲಿನಂತೆ ಬಳಸುತ್ತಿತ್ತು. 1887ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಅಲ್ಲಿಯವರೆಗಿನ ತಿಳಿವಳಿಕೆ ಸರಳವಾಗಿತ್ತು. ಗಿಡಗಳು ಬಿಸಿಲಿನಿಂದ ಶಕ್ತಿ ಪಡೆಯುತ್ತವೆ, ಉಳಿದ ಜೀವಿಗಳು ಬೇರೆ ಜೀವಿಗಳನ್ನೋ ಅವುಗಳ ಅವಶೇಷವನ್ನೋ ತಿಂದು ಬದುಕುತ್ತವೆ. ಬಿಸಿಲೂ ಬೇಡ, ಇನ್ನೊಂದು ಜೀವಿಯೂ ಬೇಡ, ಬರೀ ಖನಿಜ ವಸ್ತುವಿನಿಂದ ಶಕ್ತಿ ಪಡೆಯುವ ಜೀವವೂ ಇದೆ ಎಂಬುದು ಆಗ ಹೊಸ ಮಾತು.

ಎಲ್ಲರೂ ಊಟ ಬಡಿಸಿದರು, ಇವರು ತಟ್ಟೆ ತೆಗೆದರು

1888ರಲ್ಲಿ ಗುರು ಡಿ ಬಾರಿ ತೀರಿಕೊಂಡರು. ವಿನೊಗ್ರಾಡ್ಸ್ಕಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ಗೆ ಹೋಗಿ ಇನ್ನೊಂದು ಹಳೆಯ ಒಗಟನ್ನು ಕೈಗೆತ್ತಿಕೊಂಡರು. ಕೊಟ್ಟಿಗೆ ಗೊಬ್ಬರದಲ್ಲಿರುವ ಅಮೋನಿಯಾ ಮಣ್ಣಿಗೆ ಸೇರಿ ನೈಟ್ರೇಟ್ ಆಗುವುದು ಹೇಗೆ ಎಂಬುದೇ ಆ ಒಗಟು. ರೈತರಿಗೆ ಇದು ಬೆಳೆಯ ಪ್ರಶ್ನೆ. ರಾಜರಿಗೆ ಇದು ಮದ್ದುಗುಂಡಿನ ಪ್ರಶ್ನೆಯೂ ಆಗಿತ್ತು. ನಮ್ಮಲ್ಲಿ ಪೆಟ್ಲುಪ್ಪು ಎನ್ನುವ ವಸ್ತು ನೈಟ್ರೇಟಿನ ಒಂದು ರೂಪವೇ.

ಇದು ಬರೀ ರಸಾಯನ ಕ್ರಿಯೆಯಲ್ಲ, ಜೀವಿಗಳ ಕೆಲಸ ಎಂಬುದನ್ನು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ 1877ರಲ್ಲೇ ತೋರಿಸಿದ್ದರು. ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಆರಂಭದ ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಮಾಯವಾಗಿ ನೈಟ್ರೇಟ್ ಬರತೊಡಗಿತು. ಕ್ಲೋರೋಫಾರ್ಮ್ ಹಾಯಿಸಿದಾಗ ಕ್ರಿಯೆ ನಿಂತೇಹೋಯಿತು. ಜೀವಿಗಳು ಇವೆ ಎಂಬುದು ಖಚಿತವಾಯಿತು, ಆದರೆ ಅವುಗಳನ್ನು ಬೇರ್ಪಡಿಸಿ ಬೆಳೆಸಲು ಯಾರಿಗೂ ಆಗಲಿಲ್ಲ.

ಕಾರಣ ಏನು? ಆ ಕಾಲದ ವಿಜ್ಞಾನಿಗಳು ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತಿದ್ದದ್ದು ಪುಷ್ಟಿಕರ ಸಾರು ಬೆರೆಸಿದ ಜೆಲಟಿನ್ ಮೇಲೆ. ಅದರಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಹಬ್ಬದೂಟ ಸಿಕ್ಕಂತೆ ಬೆಳೆದವು. ಬೇಕಾಗಿದ್ದವು ಮಾತ್ರ ಬೆಳೆಯಲಿಲ್ಲ. ಗಂಧಕ ತಿನ್ನುವ ಬ್ಯಾಕ್ಟೀರಿಯಾ ನೋಡಿದ್ದ ವಿನೊಗ್ರಾಡ್ಸ್ಕಿ ತಿರುಗಿಸಿ ಯೋಚಿಸಿದರು. ಸಾರು ತೆಗೆದುಹಾಕಿದರು. ನೀರು, ಅಮೋನಿಯಾ, ಕೆಲವು ಲವಣ, ಕಾರ್ಬೊನೇಟ್ ಇಷ್ಟನ್ನೇ ಕೊಟ್ಟರು. ಬೇರೆ ಬ್ಯಾಕ್ಟೀರಿಯಾಗಳಿಗೆ ಅದು ಉಪವಾಸ, ಇವುಗಳಿಗೆ ಅದೇ ಊಟ.

ಅವರು ಇನ್ನೊಂದು ಉಪಾಯವನ್ನೂ ಮಾಡಿದರು. ಜೆಲಟಿನ್ ತಟ್ಟೆಯ ಮೇಲೆ ಮಾದರಿಯನ್ನು ಹರಡಿ, ಎಲ್ಲಿ ಏನೂ ಬೆಳೆದಂತೆ ಕಾಣಲಿಲ್ಲವೋ ಅಲ್ಲಿಂದ ತುಣುಕು ತೆಗೆದು ಅಮೋನಿಯಾ ದ್ರಾವಣಕ್ಕೆ ಹಾಕಿದರು. ಜೆಲಟಿನ್ ಮೇಲೆ ಕಣ್ಣಿಗೆ ಕಾಣುವಂತೆ ಬೆಳೆದದ್ದು ಬೇಡದ ಬ್ಯಾಕ್ಟೀರಿಯಾ. ಖಾಲಿ ಕಂಡ ಜಾಗದಲ್ಲಿದ್ದದ್ದೇ ಬೇಕಾದ ಬ್ಯಾಕ್ಟೀರಿಯಾ. ಮುಂದೆ ಜೆಲಟಿನ್ ಬದಲು ಸಿಲಿಕಾ ಜೆಲ್ ಬಳಸಿದರು, ಏಕೆಂದರೆ ಅದರಲ್ಲಿ ಯಾವ ಸಾವಯವ ಪೋಷಕಾಂಶವೂ ಇರುವುದಿಲ್ಲ.

1890ರಿಂದ ಅವರ ಫಲಿತಾಂಶಗಳು ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಒಂದರ ಹಿಂದೊಂದು ಬಂದವು. ಕೆಲಸ ಎರಡು ಹಂತದಲ್ಲಿ, ಎರಡು ಗುಂಪುಗಳಿಂದ ನಡೆಯುತ್ತದೆ ಎಂಬುದೂ ತಿಳಿಯಿತು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲನೆಯದರಲ್ಲಿ ನೈಟ್ರೊಸೊಮೊನಾಸ್, ಎರಡನೆಯದರಲ್ಲಿ ನೈಟ್ರೊಬ್ಯಾಕ್ಟರ್ ಎಂಬ ಹೆಸರುಗಳು ಅವರ ಕೆಲಸದಿಂದಲೇ ಬಂದವು.

ಎಲ್ಲ ಕಳೆದುಕೊಂಡು ಮತ್ತೆ ಶುರು

1891ರಲ್ಲಿ ಅವರು ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಗೆ ಮರಳಿದರು. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿಯುವ, ಮಣ್ಣಿನಲ್ಲಿ ಸ್ವತಂತ್ರವಾಗಿ ಬದುಕುವ ಬ್ಯಾಕ್ಟೀರಿಯಾ ಒಂದನ್ನು ಕಂಡುಹಿಡಿದು ಅದಕ್ಕೆ ಪಾಶ್ಚರ್ ಹೆಸರಿಟ್ಟರು. ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. ನಂತರ ಆರೋಗ್ಯ ಕೆಟ್ಟು ಕೆಲಸ ಬಿಟ್ಟರು. ಉಕ್ರೇನಿನಲ್ಲಿದ್ದ ಕುಟುಂಬದ ಜಮೀನಿನಲ್ಲಿ ಬೇಸಾಯ ನೋಡಿಕೊಂಡು ವರ್ಷಗಳನ್ನು ಕಳೆದರು. ಸಂಶೋಧನೆ ಮುಗಿದಂತೆಯೇ ಇತ್ತು.

1917ರ ಕ್ರಾಂತಿ ಬಂತು. ಆಸ್ತಿ ಹೋಯಿತು, ದೇಶ ಬಿಡಬೇಕಾಯಿತು. ಸ್ವಲ್ಪ ಕಾಲ ಬೆಲ್‌ಗ್ರೇಡ್‌ನಲ್ಲಿ ಪಾಠ ಮಾಡಿದರು. 1922ರಲ್ಲಿ ಪಾಶ್ಚರ್ ಸಂಸ್ಥೆಯ ನಿರ್ದೇಶಕ ಎಮಿಲ್ ರೂ ಅವರನ್ನು ಫ್ರಾನ್ಸಿಗೆ ಕರೆಸಿಕೊಂಡರು. ಪ್ಯಾರಿಸ್ ಸಮೀಪದ ಬ್ರೀ-ಕಾಂಟ್-ರೊಬೇರ್ ಎಂಬ ಸಣ್ಣ ಊರಿನಲ್ಲಿ ಪ್ರಯೋಗಾಲಯ ಸಿಕ್ಕಿತು. ಬೇರೆಯವರು ನಿವೃತ್ತರಾಗಿ ಮನೆಯಲ್ಲಿರುವ 66ನೇ ವಯಸ್ಸಿನಲ್ಲಿ ಅವರು ಮತ್ತೆ ಮಣ್ಣು ಹಿಡಿದು ಕುಳಿತರು.

ಈ ಎರಡನೇ ಸರದಿಯಲ್ಲಿ ಅವರು ಒತ್ತಿ ಹೇಳಿದ ಸಂಗತಿ, ಸೂಕ್ಷ್ಮಜೀವಿಗಳನ್ನು ಗಾಜಿನ ನಳಿಕೆಯಲ್ಲಿ ಒಂಟಿಯಾಗಿ ನೋಡಿದರೆ ಸಾಲದು, ಅವು ಬದುಕುವ ಜಾಗದಲ್ಲೇ, ನೆರೆಹೊರೆಯ ಜೊತೆಗೇ ನೋಡಬೇಕು ಎಂಬುದು. ಮಗಳು ಹೆಲೆನ್ ಕೂಡ ಅವರ ಜೊತೆ ಕೆಲಸ ಮಾಡಿದರು. 1933ರಲ್ಲಿ ಅಪ್ಪ ಮಗಳು ಸೇರಿ ಇದೇ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳ ಬಗ್ಗೆ ಹೊಸ ಸಂಶೋಧನೆ ಪ್ರಕಟಿಸಿದರು. ತಮ್ಮ ಜೀವಮಾನದ ಕೆಲಸವನ್ನು ಒಟ್ಟುಗೂಡಿಸಿದ ಪುಸ್ತಕವನ್ನು ವಿನೊಗ್ರಾಡ್ಸ್ಕಿ 1949ರಲ್ಲಿ, 90 ದಾಟಿದ ಮೇಲೆ ಹೊರತಂದರು. 1953ರ ಫೆಬ್ರವರಿಯಲ್ಲಿ, 96ನೇ ವಯಸ್ಸಿನಲ್ಲಿ ಅದೇ ಊರಿನಲ್ಲಿ ತೀರಿಕೊಂಡರು.

ಅವರ ನಂತರವೂ ಕಥೆ ಬೆಳೆಯಿತು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಎರಡನೇ ಹಂತದ ಮುಖ್ಯ ಕೆಲಸಗಾರ ನೈಟ್ರೊಬ್ಯಾಕ್ಟರ್ ಅಲ್ಲ, ನೈಟ್ರೊಸ್ಪೈರಾ ಎಂಬುದು 1998ರಲ್ಲಿ ಗೊತ್ತಾಯಿತು. 2015ರಲ್ಲಿ ಎರಡೂ ಹಂತಗಳನ್ನು ಒಂದೇ ಜೀವಿ ಮಾಡಬಲ್ಲದು ಎಂಬುದೂ ಬೆಳಕಿಗೆ ಬಂತು. ಹೆಸರುಗಳು ಬದಲಾದರೂ ವಿನೊಗ್ರಾಡ್ಸ್ಕಿ ತೋರಿಸಿದ ದಾರಿ ಅದೇ ಉಳಿದಿದೆ.

ಹಾಗಾದರೆ ನಿಮ್ಮ ತೊಟ್ಟಿಯಲ್ಲಿ ಏನು ಮಾಡಬೇಕು?

ಈ ಬ್ಯಾಕ್ಟೀರಿಯಾಗಳು ಬಹಳ ನಿಧಾನ. ಸಾಮಾನ್ಯ ಬ್ಯಾಕ್ಟೀರಿಯಾ ಕೆಲವು 20 ನಿಮಿಷಕ್ಕೆ ಎರಡಾದರೆ, ಇವು ಎರಡಾಗಲು ಹಲವು ಗಂಟೆಗಳಿಂದ ಒಂದು ದಿನವೋ ಇನ್ನೂ ಹೆಚ್ಚೋ ಬೇಕು. ಅಮೋನಿಯಾದಂಥ ಬಡ ಉರುವಲಿನಿಂದ ಸಿಗುವ ಶಕ್ತಿಯೇ ಕಡಿಮೆ. ಹಾಗಾಗಿ ತೊಟ್ಟಿಯಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುತ್ತದೆ. ಇದನ್ನೇ ಅಕ್ವೇರಿಯಂ ಸೈಕ್ಲಿಂಗ್ ಎನ್ನುತ್ತಾರೆ.

ಮೊದಲು ಕ್ಲೋರಿನ್ ತೆಗೆದ ನೀರು ತುಂಬಿ, ಸ್ಪಾಂಜ್ ಫಿಲ್ಟರ್ ಹಗಲು ರಾತ್ರಿ ಓಡಿಸಿ. ಕೆಲವು ಕಡೆ ನಲ್ಲಿ ನೀರಿಗೆ ಕ್ಲೋರಮೈನ್ ಬೆರೆಸುತ್ತಾರೆ, ಅದು ಒಂದು ದಿನ ಬಿಟ್ಟರೂ ಹೋಗುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಬಳಸುವುದು ಒಳ್ಳೆಯದು. ನಂತರ ಯಾವ ಪ್ರಾಣಿಯೂ ಇಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಆಗುತ್ತದೆ. ಅದೇ ಬ್ಯಾಕ್ಟೀರಿಯಾಗಳ ಊಟ. ಎರಡು ಮೂರು ದಿನಕ್ಕೊಮ್ಮೆ ಹನಿ ಹಾಕುವ ಪರೀಕ್ಷಾ ಕಿಟ್‌ನಿಂದ ನೀರು ನೋಡಿ. ಮೊದಲು ಅಮೋನಿಯಾ ಏರುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಕೊನೆಗೆ ಅದೂ ಇಳಿದು ನೈಟ್ರೇಟ್ ಕಾಣಿಸುತ್ತದೆ. ಆಹಾರ ಹಾಕುತ್ತಿದ್ದರೂ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ವಾರದುದ್ದ ಸೊನ್ನೆಯಲ್ಲೇ ಇದ್ದರೆ ತೊಟ್ಟಿ ಸಿದ್ಧ.

ನಡುವೆ ನೈಟ್ರೈಟ್ ಏರಿದಾಗ ಅಮೋನಿಯಾ ಸೊನ್ನೆ ಕಂಡು ಮೋಸ ಹೋಗಬೇಡಿ. ನೈಟ್ರೈಟ್ ಕೂಡ ಸಿಗಡಿಗೆ ವಿಷವೇ. ಸಿದ್ಧವಾದ ಮೇಲೆ ಸ್ವಲ್ಪ ನೀರು ಬದಲಿಸಿ ನೈಟ್ರೇಟ್ ಇಳಿಸಿ. ಸಿಗಡಿಗಳು ಕಲ್ಲು, ಎಲೆಗಳ ಮೇಲಿನ ಪಾಚಿ ಮತ್ತು ಲೋಳೆ ಪದರವನ್ನು ಮೇಯುತ್ತವೆ, ಆದ್ದರಿಂದ ಇನ್ನೊಂದೆರಡು ವಾರ ಕಾದರೆ ಅವುಗಳಿಗೆ ಮೇವೂ ಬೆಳೆದಿರುತ್ತದೆ. ಬೇಗ ಆಗಬೇಕೆಂದರೆ ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಫಿಲ್ಟರ್ ಸ್ಪಾಂಜನ್ನು ತಂದು ಹಾಕಿ. ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಇರುವುದು ನೀರಿನಲ್ಲಲ್ಲ, ಅಂಥ ಮೇಲ್ಮೈಗಳಲ್ಲಿ. ಹಾಗಾಗಿ ಹಳೆಯ ತೊಟ್ಟಿಯ ನೀರು ಮಾತ್ರ ತಂದು ಸುರಿದರೆ ಹೆಚ್ಚು ಪ್ರಯೋಜನ ಇಲ್ಲ.

ನಾವು ಎರಡನೇ ಬಾರಿ 6 ವಾರ ಕಾದೆವು. ನಡುವೆ ನೀರು ಮಬ್ಬಾಯಿತು, ಕಲ್ಲಿನ ಮೇಲೆ ಕಂದು ಪಾಚಿ ಬಂತು, ಮನೆಗೆ ಬಂದವರು ಖಾಲಿ ತೊಟ್ಟಿ ಏಕೆ ಎಂದು ಕೇಳಿದರು. ಈಗ ಅದರಲ್ಲಿ ಮರಿ ಸಿಗಡಿಗಳಿವೆ. ಸ್ಪಾಂಜ್ ನೋಡಲು ಕೊಳಕಾಗಿಯೇ ಇದೆ. ಅದನ್ನು ನಲ್ಲಿ ನೀರಿನಲ್ಲಿ ತೊಳೆಯುವುದಿಲ್ಲ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ ಹಾಕುತ್ತೇವೆ. ಒಂದು ದಿನ ಬಿಟ್ಟರೆ ಸಾಕು ಎಂಬ ಸಂದೇಶ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಆ ಒಂದು ದಿನ ಕ್ಲೋರಿನ್‌ಗೆ ಮಾತ್ರ ಎಂಬ ಸಾಲನ್ನು ದಯವಿಟ್ಟು ಸೇರಿಸಿ ಕಳಿಸಿ.