ಕಾರು ಕಾಣದ ಚಾರ್ಲ್ಸ್ ಗುಡ್‌ಇಯರ್

ಕಾಲೇಜಿನ ಗೇಟಿನ ಬಳಿ ನಿಲ್ಲುವ ಯಾವ ಕಾರನ್ನಾದರೂ ನೋಡಿ, ಕಿಟಕಿ ಗಾಜಿನ ಸುತ್ತ ಕಪ್ಪು ರಬ್ಬರಿನ ಪಟ್ಟಿ ಇರುತ್ತದೆ. ಗ್ಯಾರೇಜಿನವರು ಅದನ್ನು ಬೀಡಿಂಗ್ ಎನ್ನುತ್ತಾರೆ. ಮಳೆನೀರು ಒಳಗೆ ಬಾರದಂತೆ ತಡೆಯುವುದು ಅದೇ. ಅಂಥ ರಬ್ಬರನ್ನು ಸಾಧ್ಯವಾಗಿಸಿದ ಚಾರ್ಲ್ಸ್ ಗುಡ್‌ಇಯರ್ ಕಾರನ್ನೇ ಕಂಡವರಲ್ಲ.

ಅವರು ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಅಮೆರಿಕದ ನ್ಯೂ ಹೇವನ್‌ನಲ್ಲಿ. ಹಾರ್ಡ್‌ವೇರ್ ವ್ಯಾಪಾರ ಮುಳುಗಿ, ಸಾಲ ತೀರಿಸಲಾಗದೆ ಜೈಲಿಗೆ ಹೋದರು. ಆ ಮೇಲೆ ರಬ್ಬರಿನ ಹುಚ್ಚು ಹಿಡಿಯಿತು. ಆಗಿನ ರಬ್ಬರು ಬೇಸಿಗೆಯಲ್ಲಿ ಕರಗಿ ಅಂಟಾಗುತ್ತಿತ್ತು, ಚಳಿಯಲ್ಲಿ ಕಲ್ಲಾಗುತ್ತಿತ್ತು. ಸರ್ಕಾರಕ್ಕೆಂದು ಅವರು ಮಾಡಿಕೊಟ್ಟ ಅಂಚೆ ಚೀಲಗಳೂ ಸೆಕೆಗೆ ಕೆಟ್ಟುಹೋದವು. ಮನೆಯಲ್ಲಿ ಹಸಿವು, ಮಕ್ಕಳ ಶಾಲಾ ಪುಸ್ತಕಗಳನ್ನೂ ಮಾರಿದರಂತೆ. ಇದನ್ನು ಓದುವಾಗ ನನಗೆ ಅವರಿಗಿಂತ ಹೆಚ್ಚು ನೆನಪಾದದ್ದು ಅವರ ಹೆಂಡತಿ ಕ್ಲಾರಿಸಾ.

1839ರಲ್ಲಿ ವೋಬರ್ನ್ ಎಂಬಲ್ಲಿ ಗಂಧಕ ಬೆರೆಸಿದ ರಬ್ಬರು ಬಿಸಿ ಒಲೆಗೆ ತಾಗಿತು. ಅದು ಕರಗಲಿಲ್ಲ, ತೊಗಲಿನಂತೆ ಗಟ್ಟಿಯಾಯಿತು. ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಗಂಧಕ ಸೇತುವೆ ಕಟ್ಟುತ್ತದೆ. ಹಾಗಾಗಿ ಎಳೆದರೂ ಒತ್ತಿದರೂ ರಬ್ಬರು ಮೊದಲಿನ ರೂಪಕ್ಕೇ ಮರಳುತ್ತದೆ. ಇದೇ ವಲ್ಕನೀಕರಣ. ಬಾಗಿಲು ಹಾಕಿದಾಗ ಬೀಡಿಂಗ್ ಅಮುಕಿ ಕೂತು ಸಂದು ಮುಚ್ಚುವುದು ಈ ಗುಣದಿಂದ.

ಆದರೆ ವರ್ಷಗಟ್ಟಲೆ ಬಿಸಿಲಿಗೆ ಒಡ್ಡಿದ ಬೀಡಿಂಗ್ ಗಡುಸಾಗಿ ಬಿರುಕು ಬಿಡುತ್ತದೆ. ಕಳೆದ ಮಳೆಗಾಲ ನಮ್ಮ ಹಳೆಯ ಕಾರಿನ ಕಾಲಡಿಯ ಮ್ಯಾಟ್ ಒದ್ದೆಯಾಗತೊಡಗಿತು. ಮೆಕ್ಯಾನಿಕ್ ಕಾಕ ನನ್ನ ಕೈಗೆ ಟಾರ್ಚ್ ಕೊಟ್ಟು ಒಳಗೆ ಕೂರಿಸಿದರು. ಹೊರಗಿನಿಂದ ಪೈಪಿನಲ್ಲಿ ನೀರು ಬಿಡುತ್ತಾ ಕೆಳಗಿನಿಂದ ನಿಧಾನವಾಗಿ ಮೇಲಕ್ಕೆ ಬಂದರು. ಮೇಲಿನಿಂದ ಸುರಿದರೆ ಎಲ್ಲೆಡೆ ಹರಿದು, ಸೋರುವ ಜಾಗ ತಿಳಿಯುವುದೇ ಇಲ್ಲ. ಕಿಟಕಿಯ ಮೇಲಿನ ಮೂಲೆಯಲ್ಲಿ ಹನಿ ಕಂಡಿತು. ಬಾಗಿಲಿನ ತಳದ ತೂತುಗಳಲ್ಲೂ ಕೆಸರು ಕಟ್ಟಿತ್ತು. ಗಾಜಿನ ಪಕ್ಕದಿಂದ ಬಾಗಿಲೊಳಗೆ ಸ್ವಲ್ಪ ನೀರು ಇಳಿಯುವುದು ಸಹಜ, ಅದು ಹೊರಹೋಗಬೇಕಾದದ್ದು ಆ ತೂತುಗಳಿಂದ. ತೂತು ಬಿಡಿಸಿ, ಹೊಸ ಬೀಡಿಂಗ್ ಹಾಕಿದ ಮೇಲೆ ಸೋರಿಕೆ ನಿಂತಿತು. ಸಿಕ್ಕಲ್ಲೆಲ್ಲ ಸಿಲಿಕೋನ್ ಮೆತ್ತುವುದು ಕಾಕನಿಗೆ ಆಗದು. ಬಿರುಕು ಬಿಟ್ಟ ರಬ್ಬರಿನ ಮೇಲೆ ಅದು ನಿಲ್ಲುವುದಿಲ್ಲ.

ಗುಡ್‌ಇಯರ್‌ಗೆ ಪೇಟೆಂಟ್ ಸಿಕ್ಕಿದ್ದು 1844ರ ಜೂನ್ 15ರಂದು. ಇಂಗ್ಲೆಂಡಿನಲ್ಲಿ ಅಷ್ಟರಲ್ಲೇ ಥಾಮಸ್ ಹ್ಯಾನ್‌ಕಾಕ್ ಅರ್ಜಿ ಹಾಕಿದ್ದರು. ಅಮೆರಿಕದಲ್ಲಿ 1852ರಲ್ಲಿ ದೊಡ್ಡ ಮೊಕದ್ದಮೆಯೊಂದನ್ನು ಗೆದ್ದರೂ ಹಣ ನಿಲ್ಲಲಿಲ್ಲ. 1855ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಸಾಲದ ಜೈಲು; ಫ್ರಾನ್ಸಿನ ಗೌರವ ಪದಕವೂ ಅಲ್ಲಿಗೇ ಬಂತು. 1860ರ ಜುಲೈ 1ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಸುಮಾರು 2 ಲಕ್ಷ ಡಾಲರ್ ಸಾಲವಿತ್ತು. ಅವರ ಹೆಸರಿನ ಟೈರ್ ಕಂಪನಿ ಶುರುವಾದದ್ದು 1898ರಲ್ಲಿ. ಅದರಲ್ಲಿ ಅವರಿಗಾಗಲಿ ಮನೆಯವರಿಗಾಗಲಿ ಪಾಲಿರಲಿಲ್ಲ.