ರಸಾಯನವಿಜ್ಞಾನಿ ಶೇಷಾದ್ರಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಡುಗಳಲ್ಲಿ ಹೊನ್ನೆ ಮತ್ತು ಬೀಟೆ ಮರಗಳು ಬೆಳೆಯುತ್ತವೆ. ಹೊನ್ನೆಯ ತೊಗಟೆಗೆ ಕಚ್ಚು ಬಿದ್ದರೆ ನೆತ್ತರಿನಂತಹ ಕೆಂಪು ರಸ ಒಸರುತ್ತದೆ. ಬೇಸಗೆಯಲ್ಲಿ ಅಲ್ಲಿನ ಮನೆಗಳಿಗೆ ಬಂದ ಅತಿಥಿಗಳ ಬಾಯಾರಿಕೆಯನ್ನು ಮುರುಗಲು ಹಣ್ಣಿನ ಕೆಂಪು ಪಾನಕ ನೀಗುತ್ತದೆ. ಸಸ್ಯಗಳಿಗೆ ಕೆಂಪು, ಹಳದಿ, ನೀಲಿ ಬಣ್ಣಗಳನ್ನು ನೀಡುವ ದ್ರವ್ಯಗಳಲ್ಲಿ ಒಂದು ದೊಡ್ಡ ಬಳಗಕ್ಕೆ ಫ್ಲೇವನಾಯ್ಡುಗಳೆಂದು ಹೆಸರು. ಈ ಬಳಗದ ರಚನೆಯನ್ನು ಅರಿಯಲು ತಮ್ಮ ಬಾಳನ್ನೇ ಮುಡಿಪಾಗಿಟ್ಟ ಭಾರತೀಯ ವಿಜ್ಞಾನಿ ತಿರುವೆಂಕಟ ರಾಜೇಂದ್ರ ಶೇಷಾದ್ರಿ.

ಶೇಷಾದ್ರಿಯವರು 1900ರ ಫೆಬ್ರವರಿ 3ರಂದು ತಮಿಳುನಾಡಿನ ಕುಳಿತ್ತಲೈಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಉನ್ನತ ಶಿಕ್ಷಣಕ್ಕಾಗಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ತೆರಳಿದರು. ಅಲ್ಲಿ ಅವರಿಗೆ ಗುರುವಾಗಿ ದೊರೆತವರು ಸಸ್ಯವರ್ಣಗಳ ಸಂಶೋಧನೆಯಲ್ಲಿ ಹೆಸರಾದ ರಾಬರ್ಟ್ ರಾಬಿನ್‌ಸನ್.

ವಿದೇಶದಿಂದ ಮರಳಿದ ಶೇಷಾದ್ರಿಯವರು ಕೊಯಮತ್ತೂರಿನಲ್ಲಿ ಕೆಲಕಾಲ ಮಣ್ಣಿನ ಪರೀಕ್ಷೆಯ ಕಾರ್ಯದಲ್ಲಿದ್ದು, ಬಳಿಕ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯವನ್ನು ಸೇರಿದರು. ದೂರದ ವಸ್ತುಗಳಿಗಾಗಿ ಹಂಬಲಿಸದೆ ಹತ್ತಿಯ ಹೂವು, ಹೊಂಗೆಯ ಬೀಜಗಳಂತಹ ನಮ್ಮ ನೆಲದ ವಸ್ತುಗಳನ್ನೇ ಸಂಶೋಧನೆಗೆ ಆರಿಸಿಕೊಂಡರು. 1942ರಲ್ಲಿ ವಿಶಾಖಪಟ್ಟಣದ ಮೇಲೆ ಬಾಂಬುಗಳು ಬಿದ್ದವು. ವಿಶ್ವವಿದ್ಯಾಲಯ ಗುಂಟೂರಿಗೆ ಸ್ಥಳಾಂತರಗೊಂಡಿತು. ಆದರೂ ಅವರು ಸಂಶೋಧನೆಯನ್ನು ಕೈಬಿಡಲಿಲ್ಲ.

1949ರಲ್ಲಿ ಅವರು ದೆಹಲಿ ವಿಶ್ವವಿದ್ಯಾಲಯಕ್ಕೆ ಬಂದರು. ಹೊನ್ನೆ ಮತ್ತು ಬೀಟೆಯ ಜಾತಿಯ ಮರಗಳ ತಿರುಳಿನಲ್ಲಿರುವ ದ್ರವ್ಯಗಳನ್ನೂ ಆಳವಾಗಿ ಅಭ್ಯಸಿಸಿದರು. ಅವರ ಮಾರ್ಗದರ್ಶನದಲ್ಲಿ ನೂರಕ್ಕೂ ಹೆಚ್ಚು ಮಂದಿ ಡಾಕ್ಟರೇಟ್ ಪಡೆದರು. 1960ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವೂ 1963ರಲ್ಲಿ ಪದ್ಮಭೂಷಣ ಪ್ರಶಸ್ತಿಯೂ ಅವರಿಗೆ ಸಂದವು. 1975ರಲ್ಲಿ ಅವರು ನಿಧನರಾದರು.

ಹೂವಿನ ಬಣ್ಣವನ್ನು ಬೇರ್ಪಡಿಸಿ ಅದರ ರಚನೆಯನ್ನು ಬಗೆಯುವುದರಿಂದ ಜನರಿಗೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಮಧುಮೇಹ ಉಂಟಾದಾಗ ರಕ್ತದಲ್ಲಿ ಹೆಚ್ಚಾದ ಸಕ್ಕರೆ ಕಣ್ಣಿನ ಮಸೂರದಲ್ಲಿ ಬೇರೊಂದು ದ್ರವ್ಯವಾಗಿ ಮಾರ್ಪಟ್ಟು ಶೇಖರವಾಗುತ್ತದೆ. ಇದರಿಂದ ಮಸೂರ ಮಂಜಾಗಿ ಪೊರೆ ಬರುತ್ತದೆ. ಈ ಮಾರ್ಪಾಟನ್ನು ನಡೆಸುವ ಕಿಣ್ವವನ್ನು ಕ್ವೆರ್ಸಿಟ್ರಿನ್ ಎಂಬ ಫ್ಲೇವನಾಯ್ಡು ತಡೆಯಬಲ್ಲದು. ಹತ್ತಿಯ ಹೂವಿನ ಹಳದಿ ದ್ರವ್ಯಗಳಲ್ಲಿಯೂ ಇದರ ಹತ್ತಿರದ ಬಂಧುಗಳಿವೆ. ಮಧುಮೇಹವಿದ್ದ, ಇಲಿಯನ್ನು ಹೋಲುವ ಪ್ರಾಣಿಗಳಿಗೆ ಇದನ್ನು ಕೊಟ್ಟಾಗ ಪೊರೆ ತಡವಾಗಿ ಕಾಣಿಸಿಕೊಂಡಿತೆಂದು 1977ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಶೇಷಾದ್ರಿಯವರು ಅದಕ್ಕೂ ಮೊದಲೇ ತೀರಿಕೊಂಡಿದ್ದರು.

ಪ್ರಾಣಿಗಳಲ್ಲಿ ಕಂಡ ಗುಣವು ಮನುಷ್ಯರಲ್ಲಿ ಇನ್ನೂ ಸ್ಥಿರಪಟ್ಟಿಲ್ಲ. ಬಂದ ಪೊರೆಯನ್ನು ನೀಗಲು ಇಂದಿಗೂ ಶಸ್ತ್ರಚಿಕಿತ್ಸೆಯೇ ಮಾರ್ಗ. ಆದರೆ ಒಂದು ದ್ರವ್ಯದ ಗುಣವನ್ನು ಪರೀಕ್ಷಿಸಬೇಕಾದರೆ ಮೊದಲು ಅದರ ಸ್ವರೂಪವನ್ನು ತಿಳಿಯಬೇಕು. ಆ ತಿಳಿವಿಗೆ ಭದ್ರವಾದ ತಳಹದಿಯನ್ನು ಹಾಕಿದವರಲ್ಲಿ ಶೇಷಾದ್ರಿಯವರು ಪ್ರಮುಖರು. ಫಲವನ್ನು ಕಾಣುವ ಮೊದಲೇ ಬೀಜವನ್ನು ಬಿತ್ತಿ ಹೋದ ಅವರ ಬದುಕು ವಿದ್ಯಾರ್ಥಿಗಳಿಗೆ ಆದರ್ಶಪ್ರಾಯವಾಗಿದೆ.